ಗುಂಡು ಹೋಲಿಸುವ ಕೆಲಸ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಯಾವ ಉಪಕರಣ ಯಾವಾಗ ಬಂತು, ಯಾವ ಮಾತನ್ನು ಯಾರು ಮೊದಲು ಆಡಿದರು ಎಂಬ ವಿಷಯಗಳಲ್ಲಿ ನನ್ನ ನೆನಪು ಈಗಾಗಲೇ ನನಗೆ ಮೋಸ ಮಾಡಿದೆ. ನಾನು ದಿನಚರಿ ಬರೆಯುವವಳು. ಆದರೆ ನಮ್ಮಲ್ಲಿ ಕೆಲಸದ ವಿಷಯವನ್ನು ಮನೆಯ ದಿನಚರಿಯಲ್ಲಿ ಬರೆಯುವಂತಿರಲಿಲ್ಲ. ಹಾಗಾಗಿ ಇಡೀ ನೌಕರಿಯ ಕಾಲದ ದಿನಚರಿ ತೆಗೆದರೂ ಸಿಗುವುದು ಸೆಕೆ, ಮೆಸ್ಸಿನ ಉಪ್ಪಿಲ್ಲದ ಸಾರು, ಊರಿನಿಂದ ಬಂದ ಫೋನು, ಇಷ್ಟೇ. ಬರೆಯದೆ ಬಿಟ್ಟದ್ದನ್ನು ಈಗ ತಲೆಯಿಂದ ತೆಗೆಯಬೇಕಾಗಿದೆ. ತಲೆಯೋ, ತನಗೆ ಅನುಕೂಲವಾದದ್ದನ್ನೇ ಮೊದಲು ಕೊಡುತ್ತದೆ.

ಬರೆಯಲು ಒಂದು ಕಾರಣ ಗಜೇಂದ್ರಗಡದ ಅಶ್ವಿನಿ. ಭೌತಶಾಸ್ತ್ರ ಓದಿದ ಹುಡುಗಿ. ನಾನು ಕೆಲಸ ಮಾಡಿದಂಥದೇ ಒಂದು ಪ್ರಯೋಗಾಲಯದಲ್ಲಿ ಅವಳಿಗೆ ನೌಕರಿ ಸಿಕ್ಕಿದೆ. ಯಾರೋ ನನ್ನ ಹೆಸರು ಹೇಳಿದರಂತೆ, ರೋಣಕ್ಕೆ ಹುಡುಕಿಕೊಂಡು ಬಂದಳು. "ಒಳಗ ಹ್ಯಾಂಗ ಇರತೈತ್ರಿ ಮೇಡಂ? ಖರೇ ಹೇಳ್ರಿ, ನಾ ಅಂಜಂಗಿಲ್ಲ" ಎಂದಳು. ನಾನು ಕ್ವಾರ್ಟರ್ಸ್ ಹೇಗಿರುತ್ತದೆ, ರಜೆ ಹೇಗೆ ಸಿಗುತ್ತದೆ, ಗುಂಡಿನ ಸದ್ದಿಗೆ ಕಿವಿ ಹೇಗೆ ಕಾಪಾಡಿಕೊಳ್ಳಬೇಕು ಎಂದೆಲ್ಲ ಹೇಳಿ, ಚುರುಮುರಿ ಕೊಟ್ಟು ಕಳಿಸಿದೆ. ಅವಳು ಖುಷಿಯಾಗಿ ಹೋದಳು. ಅವಳು ಕೇಳಿದ್ದು ಒಂದು, ನಾನು ಹೇಳಿದ್ದು ಇನ್ನೊಂದು ಎಂದು ಬಾಗಿಲು ಹಾಕುವಾಗಲೇ ಅನ್ನಿಸಿತು.

ಎರಡನೆಯ ಕಾರಣ ಸವಡಿಯಲ್ಲಿರುವ ನನ್ನ ತಂಗಿ ಗಂಗವ್ವ. ಎರಡು ವರ್ಷದಿಂದ ಅವಳು ನನ್ನ ಜೊತೆ ಮೊದಲಿನಂತಿಲ್ಲ. ಅವಳ ಮನೆಯ ಪಡಸಾಲೆಯಲ್ಲಿ ಕುಳಿತು ನಾನು ಒಂದು ಮಾತನ್ನು ಬಾಯಿಬಿಟ್ಟು ಆಡಿದೆನೋ, ಮನಸ್ಸಿನಲ್ಲೇ ಅಂದುಕೊಂಡೆನೋ, ನನಗೆ ತಿಳಿಯದು. ಆಡಿದ್ದರೆ ಅದು ತಾಯಿಯೊಬ್ಬಳ ಎದುರು ಆಡುವ ಮಾತಲ್ಲ. ಅದು ನನ್ನ ಬಾಯಿಗೆ ಹೇಗೆ ಬಂದು ಕೂತಿತು ಎಂದು ತಿಳಿಯಬೇಕಾದರೆ ಕೆಲಸದ ಕಥೆಯನ್ನೇ ಹೇಳಬೇಕು.

ಕೆಲಸ ಕೇಳಲು ಸರಳ. ಸೈನಿಕರ ರೈಫಲ್ಲಿಗೆ ಯಾರಾದರೂ ಹೊಸ ನಮೂನೆಯ ಗುಂಡು ರೂಪಿಸಿದರೆ, ಅದು ಈಗಿರುವುದಕ್ಕಿಂತ ಎಷ್ಟರ ಮಟ್ಟಿಗೆ ಮೇಲು ಎಂದು ನೋಡಿ ಹೇಳುವುದು. ನಾನು ಸೇರಿದಾಗ ಇದ್ದ ಗುಂಡಿನೊಳಗೆ ಸೀಸ, ಮೇಲೆ ತಾಮ್ರದ ಕವಚ. ನಾನು ನಿವೃತ್ತಳಾಗುವ ಹೊತ್ತಿಗೆ ಬಂದವುಗಳ ತುದಿಯಲ್ಲಿ ಉಕ್ಕಿನ ಮೊನೆ, ಹಿಂದೆ ತಾಮ್ರ. ಕೆಲವುಗಳಲ್ಲಿ ಸೀಸವೇ ಇಲ್ಲ. ಸೀಸ ಮಣ್ಣಿಗೆ, ನೀರಿಗೆ ವಿಷ ಎಂದು ಅದನ್ನು ತೆಗೆದಿದ್ದರು. ಗುಂಡಿನಲ್ಲೂ ಮಣ್ಣಿನ ಆರೋಗ್ಯ ನೋಡುತ್ತಾರೆ ಎಂದು ನಾನು ಊರಿನಲ್ಲಿ ಹೆಮ್ಮೆಯಿಂದ ಹೇಳಿದ್ದುಂಟು. ಕೇಳಿದವರು ನನ್ನ ಮುಖ ನೋಡಿದ್ದರು.

ದಿನದ ಬಹುಪಾಲು ಕಾಯುವುದು. ಗಾಳಿ ನಿಲ್ಲಲಿ ಎಂದು ಕಾಯುವುದು, ಬಂದೂಕಿನ ನಳಿಗೆ ತಣ್ಣಗಾಗಲಿ ಎಂದು ಕಾಯುವುದು, ಗುಂಡು ಹೊಡೆಯುವ ಬಯಲಿನಾಚೆ ದನ ಕಾಯುವವರು ದಾಟಿ ಹೋಗಲಿ ಎಂದು ಕಾಯುವುದು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವುದನ್ನು ನೋಡಿದರೆ ನನಗೆ ಈಗಲೂ, ಇವತ್ತು ಹೊಡೆಯಲಾಗದು, ಎಂದೇ ಮೊದಲು ಅನ್ನಿಸುತ್ತದೆ.

ನನ್ನ ಮೊದಲ ಮೇಲಧಿಕಾರಿ ಜೋಗಳೇಕರ ಸಾಹೇಬರು. ಬೆಳಗಾವಿ ಕಡೆಯವರು. ನಮ್ಮ ಪ್ರಯೋಗಾಲಯ ಇದ್ದದ್ದು ಪರರಾಜ್ಯದಲ್ಲಿ; ಅಲ್ಲಿ ನನ್ನ ಜೊತೆ ಕನ್ನಡದಲ್ಲಿ ಮಾತಾಡುವವರು ಅವರೊಬ್ಬರೇ. ನಾನು ಸೇರಿದ ಹೊಸದರಲ್ಲಿ ಎರಡು ನಮೂನೆಗಳ ವೇಗ ಅಳೆಯುವ ಕೆಲಸ ಕೊಟ್ಟರು. ನಾನು ಅಚ್ಚುಕಟ್ಟಾಗಿ ಇರಲಿ ಎಂದು ಬೆಳಿಗ್ಗೆ ಹಳೆಯ ಗುಂಡುಗಳನ್ನೆಲ್ಲ ಮುಗಿಸಿದೆ, ಊಟವಾದ ಮೇಲೆ ಹೊಸವನ್ನು ಹೊಡೆಸಿದೆ. ಹೊಸದರ ವೇಗ ಚೆನ್ನಾಗಿಯೇ ಹೆಚ್ಚು ಬಂತು. ಓಡುತ್ತ ಹೋಗಿ ತೋರಿಸಿದೆ. ಅವರು ಕಾಗದ ನೋಡಲಿಲ್ಲ, ಕಿಟಕಿಯಾಚೆಯ ಬಿಸಿಲು ನೋಡಿದರು.

"ಏನವಾ, ನೀ ಗುಂಡ ಹೋಲಿಸೀಯೋ, ಮುಂಜಾನಿಗೂ ಮಧ್ಯಾಹ್ನಕ್ಕೂ ಹೋಲಿಸೀಯೋ?"

ಮದ್ದು ಬಿಸಿಯಾದರೆ ಗುಂಡು ಹೆಚ್ಚು ಜೋರಾಗಿ ಹೋಗುತ್ತದೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಕೈಗೆ ಬಂದಿರಲಿಲ್ಲ. ಒಂದು ಹಳೆಯದು, ಒಂದು ಹೊಸದು, ಮತ್ತೆ ಒಂದು ಹಳೆಯದು ಎಂದು ಸರದಿಯಲ್ಲಿ ಹೊಡೆಯಬೇಕು. ಆಗ ಬಿಸಿಲು, ಗಾಳಿ, ನಳಿಗೆಯ ಮಸಿ, ಹೊಡೆಯುವವನ ದಣಿವು ಎಲ್ಲ ಎರಡಕ್ಕೂ ಸಮನಾಗಿ ಬೀಳುತ್ತದೆ. ಅಶ್ವಿನಿ, ನೀನೂ ಈ ತಪ್ಪು ಮಾಡುತ್ತೀ. ಎಲ್ಲರೂ ಮಾಡುತ್ತಾರೆ. ಇದರಲ್ಲಿ ನಾಚಿಕೆಯೇನಿಲ್ಲ.

ಸಾಹೇಬರ ಇನ್ನೊಂದು ಹಟ ಹೇಳುತ್ತೇನೆ. ಒಮ್ಮೆ ಹೊಸ ನಮೂನೆಯನ್ನು ರೂಪಿಸಿದವರೇ ಅದನ್ನು ತಂದುಕೊಟ್ಟರು. ಒಂದೊಂದು ಗುಂಡನ್ನೂ ತೂಗಿ, ಆರಿಸಿ, ಹತ್ತಿಯಲ್ಲಿ ಸುತ್ತಿಟ್ಟಿದ್ದರು. ಹೋಲಿಸಬೇಕಾದ ಹಳೆಯವು ಉಗ್ರಾಣದ ತಗಡಿನ ಡಬ್ಬಿಯಲ್ಲಿ ಬಂದಂಥವು. ಸಾಹೇಬರು ತಂದವರನ್ನು ಕೂರಿಸಿ ಚಹಾ ಕೊಟ್ಟು ಕೇಳಿದರು: "ಮದಲಗಿತ್ತಿಗೆ ಶೃಂಗಾರ ಮಾಡಿ ತಂದು, ಈಗಷ್ಟ ಹೊಲದಾಗಿಂದ ಬಂದಾಕಿ ಮಗ್ಗಲ ನಿಲ್ಲಿಸಿ, ಇಬ್ಬರೊಳಗ ಯಾರು ಚಂದ ಹೇಳ್ರಿ ಅಂತೀರೇನು?" ಕಾರ್ಖಾನೆಯಿಂದ ಸಾಮಾನ್ಯ ಗುಂಡುಗಳು ಬರುವವರೆಗೆ ಅವರು ಪರೀಕ್ಷೆ ಮಾಡಲಿಲ್ಲ. ಮೇಲಿನಿಂದ ಬೈಸಿಕೊಂಡರು, ತಿಂಗಳುಗಟ್ಟಲೆ ಕಾದರು.

ಸಾಹೇಬರು ನಿವೃತ್ತರಾಗಿ ಹೋದ ಮೇಲೆ ನನಗೂ ಅಂಥದೇ ಪೆಟ್ಟಿಗೆ ಬಂತು. ಆಗಿನ ಮೇಲಧಿಕಾರಿ ಒಳ್ಳೆಯವರೇ, ಆದರೆ ಅವಸರದವರು. ನಾನು ಕಾಯಬೇಕು ಎನ್ನಲಿಲ್ಲ. ಪರೀಕ್ಷೆ ಮಾಡಿ, ವರದಿಯ ಕೆಳಗೆ ಸಣ್ಣ ಅಕ್ಷರದಲ್ಲಿ, ಹೊಸ ಗುಂಡುಗಳು ಆಯ್ದವು ಎಂದು ಒಂದು ಸಾಲು ಸೇರಿಸಿದೆ. ಅದನ್ನು ಯಾರೂ ಓದಲಿಲ್ಲ. ಆ ಸಾಲನ್ನು ಬರೆದದ್ದೇ ದೊಡ್ಡ ಧೈರ್ಯ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಇದರಲ್ಲಿ ನಾಚಿಕೆ ಇದೆ, ಆದರೆ ತಡೆದುಕೊಳ್ಳುವಷ್ಟು.

ಈಗ ಅಶ್ವಿನಿಗೆ ನಾನು ಹೇಳದೆ ಬಿಟ್ಟ ಭಾಗಕ್ಕೆ ಬರುತ್ತೇನೆ.

ಗುಂಡು ಎಷ್ಟು ವೇಗವಾಗಿ ಹೋಗುತ್ತದೆ, ಎಷ್ಟು ದೂರದಲ್ಲಿ ಒಂದರ ಪಕ್ಕ ಒಂದು ಎಷ್ಟು ಒತ್ತಾಗಿ ಬೀಳುತ್ತದೆ, ಉಕ್ಕಿನ ತಗಡನ್ನು ಸೀಳುತ್ತದೆಯೋ ಇಲ್ಲವೋ, ಇವೆಲ್ಲ ನೋಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ತಗುಲಿದ ಮೇಲೆ ಏನು ಮಾಡುತ್ತದೆ? ಅದಕ್ಕೆ ನಾವು ಮೊದಮೊದಲು ಮರದ ಹಲಗೆಗಳನ್ನು ಒಂದರ ಹಿಂದೊಂದು ನಿಲ್ಲಿಸುತ್ತಿದ್ದೆವು. ಆಮೇಲೆ ಸಾಬೂನಿನ ಗಟ್ಟಿಗಳು ಬಂದವು. ಅದಾದ ಮೇಲೆ ಜೆಲಾಟಿನ್. ಪುಡಿಯನ್ನು ಬಿಸಿನೀರಿನಲ್ಲಿ ಕದಡಿ, ಅಚ್ಚಿಗೆ ಸುರಿದು, ತಣ್ಣನೆಯ ಕೋಣೆಯಲ್ಲಿ ಇಟ್ಟರೆ ಗಟ್ಟಿಯಾಗುತ್ತದೆ. ನಮ್ಮ ಕಡೆ ಆಕಳು ಈದಾಗ ಮಾಡುವ ಗಿಣ್ಣ ಇದೆಯಲ್ಲ, ಮುಟ್ಟಿದರೆ ಅದೇ ನಡುಕ. ಮಾಂಸದ ಬದಲಿಗೆ ಅದು. ಅದಾದ ಮೇಲೆ ಗಿಣ್ಣ ನಿನಗೆ ಸೇರದೇ ಹೋಯಿತೇ ಎಂದು ಒಬ್ಬರು ಕೇಳಿದ್ದರು. ಇಲ್ಲ. ಊರಿಗೆ ಬಂದಾಗ ಗಂಗವ್ವ ಮಾಡಿದ ಗಿಣ್ಣವನ್ನು ಎರಡು ಸಲ ಹಾಕಿಸಿಕೊಂಡು ತಿಂದಿದ್ದೇನೆ. ಆ ಎರಡೂ ನನ್ನ ತಲೆಯಲ್ಲಿ ಬೇರೆ ಬೇರೆ ಕೋಣೆಗಳಲ್ಲಿದ್ದವು.

ಗುಂಡು ಗಟ್ಟಿಯೊಳಗೆ ಹೊಕ್ಕ ಮೇಲೆ ಸ್ವಲ್ಪ ದೂರ ನೇರವಾಗಿ ಹೋಗುತ್ತದೆ. ಆಮೇಲೆ ಅಡ್ಡ ತಿರುಗುತ್ತದೆ. ತಿರುಗಿದಲ್ಲಿ ದೊಡ್ಡ ಕುಳಿ ಬೀಳುತ್ತದೆ. ಒಂದು ನಮೂನೆ ಬೇಗ ತಿರುಗುತ್ತದೆ, ಇನ್ನೊಂದು ತಡವಾಗಿ. ಕೈಕಾಲಿನಂಥ ತೆಳುವಾದ ಭಾಗಕ್ಕೆ ತಗುಲಿದರೆ, ತಡವಾಗಿ ತಿರುಗುವುದು ಸಣ್ಣ ತೂತು ಮಾಡಿ ಆಚೆ ಹೋಗಿಬಿಡುತ್ತದೆ. ಬೇಗ ತಿರುಗುವುದು ಹಾಗೆ ಹೋಗುವುದಿಲ್ಲ. ಹೊಸ ನಮೂನೆಗಳು ಬೇಗ ತಿರುಗಬೇಕು ಎಂಬುದು ಬಯಕೆ. ನಾವು ಗಟ್ಟಿಯನ್ನು ಉದ್ದಕ್ಕೆ ಕೊಯ್ದು ನೋಡುತ್ತಿದ್ದೆವು.

ಅಲ್ಲಿ ನಮ್ಮದೊಂದು ಭಾಷೆ ಇತ್ತು. ಗಾಯ ಎನ್ನುವ ಹಾಗಿಲ್ಲ, ಕುಳಿ ಎನ್ನಬೇಕು. ಮನುಷ್ಯ ಎನ್ನುವ ಹಾಗಿಲ್ಲ, ಗುರಿ ಎನ್ನಬೇಕು. ಯಾರೂ ಹೀಗೆ ಆಜ್ಞೆ ಮಾಡಿರಲಿಲ್ಲ, ಬಂದವರೆಲ್ಲ ತಾವಾಗಿ ಕಲಿಯುತ್ತಿದ್ದರು. ಗಟ್ಟಿ ಕೊಯ್ದಾಗ ಜೋಗಳೇಕರ ಸಾಹೇಬರು ಕುಳಿಯ ಬಾಯಿಗೆ ಹೆಬ್ಬೆರಳು, ತೋರುಬೆರಳು ಹಿಗ್ಗಿಸಿ ಹಿಡಿದು, ತಲೆ ಆಡಿಸಿ, "ಛಲೋ ಕೆಲಸ ಮಾಡ್ಯದ" ಎನ್ನುತ್ತಿದ್ದರು. ಸರಿಯಾಗಿ ಉಪಕರಣ ಇಟ್ಟು ಅಳೆಯುವುದು ಆಮೇಲೆ. ಮೊದಲು ಬೆರಳು, ಮೊದಲು ಈ ಮಾತು. ಅವರು ನಿವೃತ್ತರಾದ ಮೇಲೆ ಅದು ನನಗೆ ಬಂತು. ನಾನು ನಮ್ಮ ಮನೆಯ ಕನ್ನಡದಲ್ಲಿ "ಚಲೋ ಕೆಲಸ ಮಾಡೇತಿ" ಎನ್ನುತ್ತಿದ್ದೆ. ಸುತ್ತಲಿದ್ದ ಮರಾಠಿ, ಹಿಂದಿ, ತಮಿಳಿನವರಿಗೆ ಅದರ ಅರ್ಥ ಬೇಕಿರಲಿಲ್ಲ. ನಾನು ಹಾಗೆ ಅಂದರೆ ಗುಂಡು ಪಾಸಾಯಿತು ಎಂದು ಅವರಿಗೆ ಗೊತ್ತಿತ್ತು. ಒಬ್ಬಿಬ್ಬರು ಅದನ್ನು ನನ್ನ ದನಿಯಲ್ಲೇ ಅಣಕಿಸುತ್ತಿದ್ದರು, ನಾನೂ ನಗುತ್ತಿದ್ದೆ.

ಒಂದು ಸಲ ದೊಡ್ಡವರೆಲ್ಲ ನೋಡಲು ಬಂದಿದ್ದರು. ಹಳೆಯ ನಮೂನೆ ಹೊಡೆದ ಗಟ್ಟಿ, ಹೊಸ ನಮೂನೆ ಹೊಡೆದ ಗಟ್ಟಿ, ಎರಡನ್ನೂ ಮೇಜಿನ ಮೇಲೆ ದೀಪದ ಕೆಳಗೆ ಇಟ್ಟು ನಾನೇ ವಿವರಿಸಿದೆ. ಫೋಟೊ ತೆಗೆದರು, ಪ್ರಶ್ನೆ ಕೇಳಿದರು. ಚಹಾ ಬಂತು. ಬಂದವರಲ್ಲಿ ಒಬ್ಬರು ಕಪ್ಪು ಇಡಲು ಜಾಗ ಸಿಗದೆ ಹೊಸ ಗಟ್ಟಿಯ ಮೇಲೆಯೇ ಇಟ್ಟರು. ಅದು ನಡುಗಿತು, ಚಹಾ ತುಳುಕಿತು, ಎಲ್ಲರೂ ನಕ್ಕರು. ನಾನು ಅವಸರದಿಂದ ಒರೆಸಿದೆ. ಆಗ ನನಗಿದ್ದ ಚಿಂತೆ ಬಿಸಿ ಕಪ್ಪಿನಿಂದ ಗಟ್ಟಿ ಕರಗೀತು ಎಂಬುದು. ಬೇರೆ ಏನಾದರೂ ಅನ್ನಿಸಿತೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅನ್ನಿಸಿತ್ತು ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಒಳ್ಳೆಯ ಅಭಿಪ್ರಾಯ ಬರುತ್ತದೆ. ಅನ್ನಿಸಿರಲಿಲ್ಲ.

ಕೊನೆಯ ವರ್ಷಗಳಲ್ಲಿ ಗಣಕಯಂತ್ರದಲ್ಲೇ ಗುಂಡು ಹೊಡೆದು ನೋಡುವುದು ಬಂತು. ಗಟ್ಟಿ ಎರೆಯುವ, ಕೊಯ್ಯುವ, ಕೈ ತೊಳೆಯುವ ಗೊಡವೆ ಕಡಿಮೆಯಾಯಿತು. ಪರದೆಯ ಮೇಲೆ ಬಣ್ಣಬಣ್ಣದ ಕುಳಿ ತೆರೆದು ಮುಚ್ಚುತ್ತದೆ. ನಿನ್ನ ಕಾಲಕ್ಕೆ, ಅಶ್ವಿನಿ, ಬಹುಶಃ ಅದೇ ಹೆಚ್ಚು. ಆ ವಿಧಾನವನ್ನು ನಾನು ದೂರುವುದಿಲ್ಲ. ಕೈಯಿಂದ ಮುಟ್ಟಿ ನೋಡಿದವಳಿಗೇ ಏನೂ ಹೊಳೆಯದಿದ್ದರೆ ಪರದೆಯ ಮೇಲೆ ನೋಡುವವರನ್ನು ಯಾವ ಬಾಯಿಂದ ಅನ್ನಲಿ?

ನಾವು ಅಕ್ಕತಂಗಿ ಹುಟ್ಟಿ ಬೆಳೆದದ್ದು ನರಗುಂದದಲ್ಲಿ. ನಾನು ಓದುತ್ತ ಧಾರವಾಡಕ್ಕೆ, ಅಲ್ಲಿಂದ ಪರರಾಜ್ಯಕ್ಕೆ ಹೋದೆ. ಗಂಗವ್ವ ಹತ್ತನೆಯ ಇಯತ್ತೆ ಮುಗಿಸಿ ಸವಡಿಯ ಒಕ್ಕಲುತನದ ಮನೆಗೆ ಸೊಸೆಯಾಗಿ ಹೋದಳು. ಸವಡಿಯವರು ನನಗಿಟ್ಟ ಹೆಸರು ಗುಂಡಿನ ಡಾಕ್ಟರ್. ನಾನು ರಜೆಗೆ ಬಂದು ಒಲೆಯ ಮುಂದೆ ಕೂತರೆ ಗಂಗವ್ವ ಕೈಯಿಂದ ಹಿಟ್ಟು ಕಸಿದುಕೊಳ್ಳುತ್ತಿದ್ದಳು. "ಏ ಅಕ್ಕ, ನೀ ಬಡಿಬ್ಯಾಡ ಮಾರಾಯ್ತಿ. ನಿನ್ನ ರೊಟ್ಟಿ ಒಯ್ದ ನಿಮ್ಮ ಸಾಹೇಬರ ಮುಂದ ಇಡು. ಯಾವ ಗುಂಡೂ ಪಾರಾಗಂಗಿಲ್ಲ." ನಿವೃತ್ತಳಾದ ಮೇಲೆ ನಾನು ರೋಣದಲ್ಲಿ ಮನೆ ಮಾಡಿದ್ದು ಈ ಬೈಗುಳ ಹತ್ತಿರದಲ್ಲಿರಲಿ ಎಂದೇ.

ಅವಳ ಮಗ ಮಂಜುನಾಥ ಸೈನ್ಯಕ್ಕೆ ಸೇರಿದ. ಹೊರಡುವ ಮೊದಲು ನನಗೆ ಫೋನು ಮಾಡಿ, "ದೊಡ್ಡವ್ವ, ನೀವ ಪಾಸ್ ಮಾಡಿದ ಗುಂಡ ನಮಗ ಕೊಡತಾರೇನ್ರಿ? ಹಂಗಿದ್ರ ನಂದೂ ನಿಮ್ಮದೂ ಒಂದ ಡ್ಯೂಟಿ ಆತ ನೋಡ್ರಿ" ಎಂದಿದ್ದ. ಗಂಗವ್ವ ಹಿಂದಿನಿಂದ, "ನಿಮ್ಮ ದೊಡ್ಡವ್ವನ ಗುಂಡ ನೀ ತಿನ್ನಬ್ಯಾಡ, ಅಷ್ಟ ನೋಡ್ಕೊ" ಎಂದದ್ದು ಕೇಳಿಸಿತ್ತು. ಮೂವರೂ ನಕ್ಕಿದ್ದೆವು.

ಅವನಿಗೆ ಗಡಿಯಲ್ಲಿ ತೊಡೆಗೆ ಗುಂಡು ತಗುಲಿತು. ಅದು ನಮ್ಮ ಗುಂಡಲ್ಲ, ಆಚೆಯವರದು. ಆದರೆ ನಾವು ಮೆಚ್ಚಿ ಬಯಸುತ್ತಿದ್ದ ಜಾತಿಯದೇ. ಮೂಳೆಗೂ ದೊಡ್ಡ ರಕ್ತನಾಳಕ್ಕೂ ತಗುಲದೆ ಹೋದದ್ದರಿಂದ ಬದುಕಿದ. ಸೈನ್ಯದ ದವಾಖಾನೆಯಲ್ಲಿ ತಿಂಗಳುಗಟ್ಟಲೆ ಇದ್ದು, ಕೋಲು ಹಿಡಿದು ಸವಡಿಗೆ ಬಂದ. ನಾನು ನಿವೃತ್ತಳಾಗಿ ಆಗ ಹೆಚ್ಚು ದಿನವಾಗಿರಲಿಲ್ಲ. ರೋಣದಿಂದ ಟಂಟಂ ರಿಕ್ಷಾ ಹತ್ತಿ ಹೋದೆ.

ಅವನು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ. "ಬರ್ರಿ ದೊಡ್ಡವ್ವ. ಎದ್ದ ನಿಂದರತಿದ್ದೆ, ಆದ್ರ ಈ ಕಾಲ ಸಾಹೇಬರದು ಪರ್ಮಿಷನ್ ಆಗವಲ್ದು" ಎಂದ. ಸೊರಗಿದ್ದ, ನಗು ಮಾತ್ರ ಹಾಗೇ ಇತ್ತು. ಮಾತಾಡಿಸಲು ಬಂದಿದ್ದ ಪಕ್ಕದ ಮನೆಯ ಮುದುಕಿ, "ನಿಮ್ಮ ದೊಡ್ಡವ್ವಗ ತೋರ್ಸೋ ಮಂಜ್ಯಾ. ಗುಂಡಿನ ಡಾಕ್ಟರ್ ಮನೀತನಕ ಬಂದಾಳ, ಫೀಜೂ ಇಲ್ಲ" ಎಂದಳು. ಅವನು ಲುಂಗಿ ಸರಿಸಿದ.

ನಾನು ಕನ್ನಡಕ ಹಾಕಿಕೊಂಡು ಬಗ್ಗಿದೆ. ಹೊರಮಗ್ಗುಲಿನಲ್ಲಿ ಜೋಳದ ಕಾಳಿನಷ್ಟು ಗುರುತು. ಒಳಮಗ್ಗುಲಿನಲ್ಲಿ, ಆಚೆ ಬಂದ ಕಡೆ, ಅಂಗೈ ಅರ್ಧದಷ್ಟು ಜಾಗ ತಗ್ಗಾಗಿ, ಎಳೆದು ಹೊಲಿದಂತೆ.

"ಎಷ್ಟ ದೂರಿಂದ ಬಂತು?"

"ನೂರೈವತ್ತ ಮೀಟರ ಇರಬೇಕ್ರಿ."

"ನಿಂತಿದ್ಯೋ, ಕುಂತಿದ್ಯೋ?"

"ಓಡತಿದ್ನಿರಿ."

"ಖರೇ ಮಗ್ಗಲಿಂದ ಬಂತೋ, ಸ್ವಲ್ಪ ಹಿಂದಿನಿಂದೋ?"

"ಮಗ್ಗಲಿಂದನ ಅನಸ್ತೈತ್ರಿ."

ಅವನು ಸಿಪಾಯಿಯಂತೆ ಚುರುಕಾಗಿ ಉತ್ತರ ಕೊಡುತ್ತಿದ್ದ. ನನ್ನ ಹೆಬ್ಬೆರಳು, ತೋರುಬೆರಳು ತಾವಾಗಿ ಹಿಗ್ಗಿ ಆ ತಗ್ಗಿನ ಅಂಚಿಗೆ ಹೋದವು. ಇಷ್ಟು ಕಡಿಮೆ ಆಳದಲ್ಲಿ ಅಡ್ಡ ತಿರುಗಿದೆ. ವರ್ಷಾನುಗಟ್ಟಲೆ ಗಟ್ಟಿಗಳಲ್ಲಿ ನೋಡಿ ಬರೆದದ್ದು, ಸಭೆಗಳಲ್ಲಿ ವಾದ ಮಾಡಿದ್ದು, ಮನುಷ್ಯನ ಮೈಯಲ್ಲಿ ನೋಡಿರದಿದ್ದದ್ದು, ಅಳತೆ ತಪ್ಪದೆ ಕಣ್ಣೆದುರಿಗಿತ್ತು. ನಮ್ಮ ಲೆಕ್ಕ ಸರಿ ಇತ್ತು. ಆ ಗಳಿಗೆಯಲ್ಲಿ ನನಗೆ ಆದದ್ದು ಸಂತೋಷ. ಇದರಲ್ಲಿ ನನ್ನ ನೆನಪಿಗೆ ಅನುಮಾನವೇ ಇಲ್ಲ. ಸಂತೋಷವೇ ಆಯಿತು.

ಆ ಸಂತೋಷದ ಜೊತೆ ಯಾವಾಗಲೂ ಬರುವ ಮಾತೂ ಬಂತು. ಚಲೋ ಕೆಲಸ ಮಾಡೇತಿ. ಬಂದದ್ದು ನಾಲಿಗೆಗೋ, ಮನಸ್ಸಿಗೋ?

ಗಂಗವ್ವ ಅಡುಗೆಮನೆಯ ಬಾಗಿಲಿನಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಮುಂದಿನದು ನನ್ನಲ್ಲಿ ಎರಡು ಥರ ಇದೆ. ಒಂದರಲ್ಲಿ ಅವಳು ತಟ್ಟೆಯನ್ನು ನೆಲಕ್ಕಿಟ್ಟು ಒಳಗೆ ಹೋಗಿ, ನಾನು ಹೊರಡುವವರೆಗೂ ಬರಲಿಲ್ಲ. ಇನ್ನೊಂದರಲ್ಲಿ ಅವಳೇ ಕಪ್ಪು ಕೈಗೆ ಕೊಟ್ಟಳು, ಒಳಗೆ ಹಾಲು ಉಕ್ಕುತ್ತದೆಂದು ಓಡಿದಳು. ಅವತ್ತಿನ ದಿನಚರಿಯಲ್ಲಿ ಇರುವುದು ಇಷ್ಟು: ಸವಡಿ. ಮಂಜು ಪರವಾಗಿಲ್ಲ. ಮಳೆ ಬರುವ ಹಾಗಿತ್ತು. ಕೆಲಸದ ವಿಷಯ ಬರೆಯಬಾರದೆಂಬ ಅಭ್ಯಾಸ ನಿವೃತ್ತಿಯ ನಂತರವೂ ಬಿಟ್ಟಿರಲಿಲ್ಲ. ಅಂದರೆ ಅವನ ತೊಡೆಯನ್ನು ನಾನು ಕೆಲಸದ ವಿಷಯ ಎಂದೇ ತಿಳಿದಿದ್ದೆ.

ಅಲ್ಲಿಂದ ಮುಂದೆ ಗಂಗವ್ವನ ಫೋನು ನಿಂತಿತು. ನಾನೇ ಮಾಡಿದರೆ, "ಆರಾಮ ಅದೀವಿ ಅಕ್ಕ. ನೀ ಆರಾಮ?" ಎಂದು ಗಂಡನ ಕೈಗೆ ಕೊಟ್ಟುಬಿಡುತ್ತಾಳೆ. ರೊಟ್ಟಿಯ ಬಗ್ಗೆ ಬೈಯುವುದಿಲ್ಲ. ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ ತಪ್ಪದೆ ಬಂದವು, ಆದರೆ ಬಸ್ಸಿನವರ ಕೈಯಲ್ಲಿ ಬಂದವು. ನಾನು ರೋಣಕ್ಕೆ ಬಂದ ಮೊದಲ ಪಂಚಮಿಗೆ ತಾನೇ ತಂದು, ತಾನೂ ಎರಡು ತಿಂದು ಹೋಗಿದ್ದಳು. ಇದಕ್ಕೆ ನೂರು ಕಾರಣ ಇರಬಹುದು. ಅತ್ತೆ ಹಾಸಿಗೆ ಹಿಡಿದಿದ್ದರು, ಮಗನ ಮುಂದಿನ ಚಿಂತೆ ಇತ್ತು, ಹೊಲದ ಕೆಲಸ ಇತ್ತು. ಬಿಸಿಲನ್ನೂ ಮದ್ದನ್ನೂ ಬೇರೆ ಮಾಡದೆ ತೀರ್ಮಾನ ಹೇಳಬಾರದು ಎಂದು ಕಲಿತವಳು ನಾನು. ಆದರೆ ಇಲ್ಲಿ ಸರದಿಯಲ್ಲಿ ಮತ್ತೊಮ್ಮೆ ಹೊಡೆದು ನೋಡುವಂತಿಲ್ಲ.

ಮಂಜುನಾಥ ಈಗ ಮತ್ತೆ ಸೈನ್ಯದಲ್ಲೇ ಇದ್ದಾನೆ, ಕೂತು ಮಾಡುವ ಕೆಲಸ. ಒಮ್ಮೆ ಫೋನಿನಲ್ಲಿ ಕೇಳಿದೆ. "ಅವತ್ತ ನಾ ನಿನ್ನ ಕಾಲ ನೋಡಿದಾಗ ಏನರ ಅಂದ್ನೇನಪಾ?"

"ಏನ ಅಂದ್ರಿ? ಎಷ್ಟ ದೂರ, ಹ್ಯಾಂಗ ನಿಂತಿದ್ದಿ ಅಂತ ಕೇಳಿದ್ರಿ. ನಮ್ಮ ಡಾಕ್ಟರ್ ಸಾಹೇಬ್ರೂ ಅದನ್ನ ಕೇಳಿದ್ರು." ನಕ್ಕ. "ಎಲ್ಲಾ ಕೇಳಿದ್ರಿ ದೊಡ್ಡವ್ವ, ನೋಯ್ತೈತೇನಂತ ಒಂದ ಕೇಳಲಿಲ್ಲ ನೋಡ್ರಿ."

"ನಿಮ್ಮವ್ವ ಏನರ ಅಂದಾಳೇನು?"

"ಅವ್ವ ಏನ ಅಂತಾಳ್ರಿ. ನೀವು ಹಳೇ ಗುಂಡ, ಹೊಸ ಗುಂಡ ಅಂತೀರಿ. ಅವ್ವಗ ಎಲ್ಲಾ ಗುಂಡೂ ಒಂದ."

ಅವನು ತಮಾಷೆಗೆ ಹೇಳಿದ್ದು. ಫೋನು ಇಟ್ಟ ಮೇಲೆ ನೆನಪಾಯಿತು, ಆಗಲೂ ನಾನು ನೋವಿನ ಬಗ್ಗೆ ಕೇಳಿರಲಿಲ್ಲ. ಮತ್ತೆ ಮಾಡಿ ಕೇಳೋಣವೆಂದರೆ, ಅವನು ಹೇಳಿಕೊಟ್ಟದ್ದನ್ನೇ ಕೇಳಿದಂತಾಗುತ್ತದೆ ಎಂದು ಕೈ ಬರಲಿಲ್ಲ. ನನ್ನ ನಾಚಿಕೆಗೂ ಒಂದು ಜಂಬ ಇದೆ.

ಕಳೆದ ಮೆಣಸಿನಕಾಯಿ ಸುಗ್ಗಿಯಲ್ಲಿ, ಹೇಳದೆ ಕೇಳದೆ ಸವಡಿಗೆ ಹೋದೆ. ಗಂಗವ್ವ ಅಂಗಳದಲ್ಲಿ ಒಬ್ಬಳೇ ಕುಳಿತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಮುಖಕ್ಕೆ ಸೆರಗು ಬಿಗಿದಿದ್ದಳು, ಕಣ್ಣು ಮಾತ್ರ ಕಾಣುತ್ತಿತ್ತು. ನನ್ನನ್ನು ನೋಡಿ ಗೋಣಿಚೀಲ ಹಾಸಿದಳು. ಮೂಗಿಗೆ ಕಟ್ಟಿಕೊಳ್ಳಲು ಒಂದು ಹಳೆಯ ಪಂಚೆಯ ತುಂಡು ಕೊಟ್ಟಳು. ನಾನೂ ತೊಟ್ಟು ಮುರಿಯತೊಡಗಿದೆ.

"ನಿನಗ ಕೈ ಉರಿತಾವು. ಬಿಡು" ಎಂದಳು.

"ಉರೀಲಿ ಬಿಡು."

ಒಂದೆರಡು ಹಿಡಿ ಕಾಯಿ ಮುರಿದು, "ಮಂಜ್ಯಾನ್ನ ನೋಡಾಕ ಬಂದಾಗ ನಾ ಏನರ ತಪ್ಪ ಮಾತಾಡಿದ್ನೇನ ಗಂಗಾ?" ಎಂದೆ.

ಅವಳು ಮೊರ ಝಾಡಿಸಿದಳು. "ನೀ ಓದಿದಾಕಿ ಅಕ್ಕ. ನಿನ್ನ ಮಾತಿನಾಗ ತಪ್ಪ ಯಾವುದು, ಒಪ್ಪ ಯಾವುದು, ನನಗೇನ ತಿಳಿಬೇಕು?"

ಅದು ಉತ್ತರವೇ ಇರಬಹುದು. ಅಥವಾ ನನ್ನ ಅಡ್ಡದಾರಿಯ ಪ್ರಶ್ನೆಗೆ ಅಡ್ಡದಾರಿಯ ಮಾತು. ಅಷ್ಟಕ್ಕೇ ಎದ್ದು ಬರಬಹುದಿತ್ತು. ನೇರವಾಗಿ ಕೇಳಬೇಕೆಂದರೆ ಆ ಮಾತನ್ನು ಅವಳ ಎದುರಿಗೆ ಆಡಲೇಬೇಕು. ಅವತ್ತು ನಾನು ಆಡಿರದಿದ್ದರೆ, ಅವಳ ಮೌನಕ್ಕೆ ಬೇರೆಯೇ ಕಾರಣ ಇದ್ದರೆ, ಅವಳ ಕಿವಿಗೆ ಅದು ಮೊದಲ ಸಲ ಬೀಳುವುದು ಈಗ, ನನ್ನ ಬಾಯಿಂದಲೇ. ಆಮೇಲೆ ಆಡಿದೆನೋ ಇಲ್ಲವೋ ಎಂಬ ಅನುಮಾನ ನನಗೂ ಉಳಿಯುವುದಿಲ್ಲ. ಕೇಳದೆ ಬಿಟ್ಟರೆ, ಅವಳು ಕೇಳಿಸಿಕೊಂಡು ಎರಡು ವರ್ಷ ಒಬ್ಬಳೇ ಹೊತ್ತಿದ್ದರೆ, ಇನ್ನೂ ಹೊರಲಿ ಎಂದು ಬಿಟ್ಟು ಬಂದಂತೆ. ಯಾವುದು ಅವಳಿಗಾಗಿ, ಯಾವುದು ನನ್ನ ಸಮಾಧಾನಕ್ಕಾಗಿ ಎಂದು ಅಲ್ಲಿ ಕುಳಿತು ಬೇರೆ ಮಾಡಲು ನೋಡಿದೆ. ಆಗಲಿಲ್ಲ. ಘಾಟಿಗೆ ಇಬ್ಬರ ಕಣ್ಣಲ್ಲೂ ನೀರು ಬರುತ್ತಿದ್ದುದರಿಂದ ಅವಳ ಮುಖ ನೋಡಿ ತಿಳಿಯುವಂತೆಯೂ ಇರಲಿಲ್ಲ.

ಕೊನೆಗೆ ಮೂಗಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೇಳಿಯೇಬಿಟ್ಟೆ:

"ಗಂಗಾ, ಮಂಜ್ಯಾನ ತೊಡಿ ನೋಡಿ ನಾ 'ಚಲೋ ಕೆಲಸ ಮಾಡೇತಿ' ಅಂದ್ನೇನ?"